ಫ್ಯೂಸ್ ಪುಸ್ತಕದ ಖಾಲಿ ಹಾಳೆಗಳು

ಜೂನ್ 9, ಸೋಮವಾರ

ಹೋದ ವರ್ಷದ ರೆಕಾರ್ಡ್ ಪುಸ್ತಕ ಒಂದು ಹಾಗೇ ಉಳಿದಿತ್ತು. ಬಲಗಡೆ ಗೆರೆ ಹಾಕಿದ ಹಾಳೆ, ಎಡಗಡೆ ಚಿತ್ರ ಬರೆಯಲು ಖಾಲಿ ಹಾಳೆ. ಚಿತ್ರ ಬರೆಯುವ ಯೋಗ ನನಗಿಲ್ಲ. ಬಲಗಡೆಯ ಹಾಳೆಗಳು ಸಾಕು, ನನ್ನ ದೂರುಗಳನ್ನು ಬರೆದಿಡಲು.

ದೂರು ಯಾಕೆಂದರೆ, ರಸ್ತೆಯಾಚೆಯ ಗಂಡುಮಕ್ಕಳ ಶಾಲೆಯ ಲ್ಯಾಬಿನ ಚಾವಣಿ ಬಿರುಕು ಬಿಟ್ಟಿದೆಯಂತೆ. ಅದು ರಿಪೇರಿಯಾಗುವ ತನಕ, ಅಂದರೆ ಸೆಪ್ಟೆಂಬರ್ ಕೊನೆಯ ತನಕ, ಅವರ ಹತ್ತನೇ ತರಗತಿಯವರು ನಮ್ಮ ಹೆಣ್ಣುಮಕ್ಕಳ ಶಾಲೆಯ ಲ್ಯಾಬಿಗೆ ಬರುತ್ತಾರೆ. ಬುಧವಾರ ಮತ್ತು ಶುಕ್ರವಾರ, ನಮ್ಮ ಹುಡುಗಿಯರ ಜೊತೆಗೇ. ಒಂದೊಂದು ಮೇಜಿಗೆ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ನಮ್ಮ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಮೀಟಿಂಗಿನಲ್ಲಿ, "ಯಾರಿಗೆ ಏನೇ ತೊಂದ್ರೆ ಆದ್ರೂ ದಿನಾ ಬಂದು ನನ್ನ ತಲೆ ತಿನ್ಬೇಡಿ, ಕೊನೇಲಿ ಬರೆದು ಕೊಡಿ" ಎಂದರು. ಬರೆದು ಕೊಡಬೇಕಾದರೆ ನೆನಪಿಟ್ಟುಕೊಂಡಿರಬೇಕಲ್ಲ.

ನಾನು ಈ ಲ್ಯಾಬಿನ ಅಟೆಂಡರ್. ಇಪ್ಪತ್ತಮೂರು ವರ್ಷವಾಯಿತು. ಪಾಠ ಹೇಳುವುದು ಫಿಸಿಕ್ಸ್ ಮೇಡಂ. ಆದರೆ ಯಾವ ಮೀಟರಿನ ಮುಳ್ಳು ಸೋಮಾರಿ, ಯಾವ ಸ್ವಿಚ್ಚು ಕಳ್ಳ ಎನ್ನುವುದು ಗೊತ್ತಿರುವುದು ನನಗೆ. ಇಲ್ಲಿ ನನ್ನದೊಂದೇ ಕಾನೂನು: ಕೆಡಿಸಿದವಳೇ ಸರಿಮಾಡಬೇಕು. ಯಾರು ತಂತಿಗಳನ್ನು ತಪ್ಪಾಗಿ ಜೋಡಿಸಿ ಮೇಜಿನ ಫ್ಯೂಸ್ ಸುಟ್ಟಳೋ, ಅವಳೇ ಮೇನ್ ಆಫ್ ಮಾಡಿ, ಕರಕಲು ತಂತಿ ತೆಗೆದು, ಹೊಸದನ್ನು ಸುತ್ತಿ, ಸ್ವಿಚ್‌ಬೋರ್ಡಿನ ಪಕ್ಕ ಮೊಳೆಗೆ ತೂಗುಹಾಕಿದ ಪುಸ್ತಕದಲ್ಲಿ ಬರೆಯಬೇಕು. ತಾರೀಕು, ಸುಟ್ಟವರು, ಸರಿಮಾಡಿದವರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತೇನೆ, ಅಷ್ಟೆ. ಮಾಡಿದ್ದುಣ್ಣೋ ಮಹರಾಯ. ಮೊದಲ ಸಲ ಅಳುತ್ತಾರೆ, ಎರಡನೇ ಸಲ ನನ್ನನ್ನು ಬೈದುಕೊಳ್ಳುತ್ತಾರೆ, ಮೂರನೇ ಸಲ ಫಿಸಿಕ್ಸ್ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ಹತ್ತೊಂಬತ್ತು ಜನ ತೆಗೆದುಕೊಂಡರು. ಹತ್ತೊಂಬತ್ತು ಹೆಸರೂ ಫ್ಯೂಸ್ ಪುಸ್ತಕದಲ್ಲಿವೆ, ಬೇಕಾದವರು ನೋಡಬಹುದು.

ಈ ವರ್ಷ ಹತ್ತನೇ ತರಗತಿಯಲ್ಲಿ ನನ್ನ ತಂಗಿಯ ಮಗಳೂ ಇದ್ದಾಳೆ. ತಂಗಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮಗಳು ಆರು ವರ್ಷದವಳಿದ್ದಾಗಿನಿಂದ ನನ್ನ ಹತ್ತಿರವೇ. ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹಾಕುತ್ತಿದ್ದುದರಿಂದ ಇಲಿ ಎಂದು ಹೆಸರಾಯಿತು. ಮನೆಯಲ್ಲಿ ನಾನು ದೊಡ್ಡಮ್ಮ, ಶಾಲೆಯೊಳಗೆ ಎಲ್ಲರಿಗೂ ಹೇಗೋ ಅವಳಿಗೂ ಹಾಗೆ ಅಕ್ಕ.

ಇವತ್ತು ಬೆಳಿಗ್ಗೆ ಅಡುಗೆಮನೆಯ ಸ್ವಿಚ್ಚು ಕಿಡಿ ಹಾರಿಸಿತು. ಹಾಲು ಉಕ್ಕುವುದರೊಳಗೆ ಹಳೆಯದನ್ನು ಕಿತ್ತು ಹೊಸದನ್ನು ಹಾಕಿ ಮುಗಿಸಿದೆ. ಇಲಿ ಟಾರ್ಚ್ ಹಿಡಿದಿದ್ದಳು. ಹಿಡಿದಿದ್ದಳು ಅನ್ನುವುದಕ್ಕಿಂತ, "ಕೊಡು ದೊಡ್ಡಮ್ಮ, ನಾನ್ ಮಾಡ್ತೀನಿ" ಎಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳಲು ನೋಡಿದಳು. ಎರಡೇಟು ಹಾಕಬೇಕೆನಿಸಿತು.

ಜೂನ್ 11, ಬುಧವಾರ

ಬಂದರು. ಇಪ್ಪತ್ತೆರಡು ಜನ. ದೂರು ಒಂದು: ಬಾಗಿಲಲ್ಲಿ ಕಾಲು ಒರೆಸುವುದಿಲ್ಲ. ದೂರು ಎರಡು: ಸ್ಟೂಲ್ ಎಳೆದರೆ ಎತ್ತು ಉಳುಮೆ ಮಾಡಿದ ಸದ್ದು. ದೂರು ಮೂರು: ಮೇಜಿನ ಮೇಲೆ ಇಟ್ಟದ್ದನ್ನೆಲ್ಲ, ಮೇಡಂ ಹೇಳಿ ಮುಗಿಸುವ ಮೊದಲೇ ಮುಟ್ಟುತ್ತಾರೆ.

ನಮ್ಮ ಹುಡುಗಿಯರು ಅವರನ್ನು ನೋಡಿ ಕಿಸಕ್ಕೆಂದು ನಗುವುದೂ ದೂರಿನ ಲೆಕ್ಕಕ್ಕೆ ಬರುತ್ತದೆಯೇ, ಗೊತ್ತಿಲ್ಲ.

ಜೂನ್ 20, ಶುಕ್ರವಾರ

ದೂರು ನಾಲ್ಕು. ಇದು ಹುಡುಗರ ಮೇಲಲ್ಲ, ಅವರ ಜೊತೆ ಬರುವ ಅವರ ಅಟೆಂಡರ್ ಮೇಲೆ. ಸೊಂಟದಲ್ಲಿ ನಲವತ್ತು ಬೀಗದಕೈಗಳ ಗೊಂಚಲು ತೂಗಿಸಿಕೊಂಡು ತಿರುಗುವುದರಿಂದ ಹುಡುಗರೆಲ್ಲ ಗೊಂಚಲಣ್ಣ ಅನ್ನುತ್ತಾರೆ. ಸದ್ದು ಮೊದಲು ಬರುತ್ತದೆ, ಮನುಷ್ಯ ಆಮೇಲೆ. ಇವತ್ತು ನಾನು ಸ್ಟೂಲ್ ಹತ್ತಿ ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುತ್ತಿದ್ದೆ. ಕೆಳಗಿನಿಂದ, "ಇಳೀರಿ ಅಕ್ಕಾ, ಬೀಳ್ತೀರಿ. ನಾನಿದ್ದೀನಲ್ಲ, ಬಿಡಿ" ಅಂದ. ಇಪ್ಪತ್ತಮೂರು ವರ್ಷದಲ್ಲಿ ಬೀಳದವಳು ಇವನು ಹೇಳಿದ ಮೇಲೆ ಬೀಳುತ್ತೇನೆಯೇ? ಇಳಿಯಲಿಲ್ಲ. ಆದರೆ ಕಾಲು ಸ್ವಲ್ಪ ನಡುಗಿತು. ಅವನು ಹೇಳಿದ್ದಕ್ಕೇ ನಡುಗಿತು.

ಜುಲೈ 1, ಮಂಗಳವಾರ

ನಾಲ್ಕನೇ ದೂರು ವಾಪಸ್ ತೆಗೆದುಕೊಂಡಿದ್ದೇನೆ.

ಆರು ವರ್ಷದಿಂದ ಕಚ್ಚಿಕೊಂಡು ಕುಳಿತಿದ್ದ ಬೀರುವಿನ ಡ್ರಾಯರನ್ನು ಗೊಂಚಲಣ್ಣ ಇವತ್ತು ಬಂದು ಐದು ನಿಮಿಷದಲ್ಲಿ ತೆಗೆದ. ಒಳಗೆ ಹತ್ತು ಡಜನ್ ಹೊಸ ಲೇಬಲ್ ಕಾರ್ಡುಗಳಿದ್ದವು. "ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅಕ್ಕಾ. ನಮ್ ಲ್ಯಾಬಲ್ಲಿ ಲೇಬಲ್ ನೋಡಿದ್ರೆ ಕೋಳಿ ಕೆರೆದ ಹಾಗಿರುತ್ತೆ. ಇದನ್ನೆಲ್ಲ ನೀವೇ ಬರೀರಿ" ಅಂದ. ಒಳ್ಳೆಯ ಮನುಷ್ಯ. ವಯಸ್ಸಿನಲ್ಲಿ ನನಗಿಂತ ಚಿಕ್ಕವನೇ, ಆದರೂ ಎಲ್ಲರ ಬಾಯಲ್ಲಿ ಅಣ್ಣ, ನಾನೂ ಅಣ್ಣ ಅನ್ನುತ್ತೇನೆ.

ಮಂಡಿ ನೋಯುತ್ತಿದೆ. ಸ್ಟೂಲ್ ಹತ್ತುವುದು ಈಚೆಗೆ ಒಳ್ಳೆಯದಲ್ಲವೇನೋ.

ಜುಲೈ 12, ಶನಿವಾರ

ಮೂವತ್ತೆಂಟು ಲೇಬಲ್ ಮುಗಿದವು. ಮೂಲೆಯ ಮೇಜು ನನಗೆ ಹೇಳಿ ಮಾಡಿಸಿದಂತಿದೆ, ಕಿಟಕಿಯ ಬೆಳಕು ನೇರ ಬೀಳುತ್ತದೆ.

ನನ್ನ ಸಾಮಾನಿನ ಡಬ್ಬಿಯನ್ನು ಗೊಂಚಲಣ್ಣ ಕೇಳಿದ, ಕೊಟ್ಟೆ. ಬಿಸ್ಕತ್ತಿನ ತಗಡಿನ ಡಬ್ಬಿ, ಒಳಗೆ ಟೆಸ್ಟರ್, ಕಟಿಂಗ್ ಪ್ಲೇಯರ್, ಮೂರು ಸ್ಕ್ರೂಡ್ರೈವರ್, ಫ್ಯೂಸ್ ತಂತಿಯ ಉರುಳೆ. ಜೂನ್‌ನಲ್ಲಷ್ಟೇ ಹೊಸ ಉರುಳೆ ಹಾಕಿದ್ದೆ, ಒಂದು ವರ್ಷಕ್ಕೆ ಬರುತ್ತದೆ. ಡಬ್ಬಿ ಅವನ ಹತ್ತಿರವೇ ಇರಲಿ. ಬೇಕಾಗುವುದು ಅವನಿಗೇ ತಾನೆ.

ಜುಲೈ 24, ಗುರುವಾರ

ಹೊಸ ದೂರು ಏನೂ ಇಲ್ಲ. ದೊಡ್ಡ ಮೇಡಂಗೆ ಏನು ಬರೆದು ಕೊಡಲಿ?

ಇನ್ನೊಂದು ಸಂತೋಷ. ಹುಡುಗರು ಬಂದು ಆರು ವಾರ ಮೀರಿತು, ಫ್ಯೂಸ್ ಪುಸ್ತಕದಲ್ಲಿ ಒಂದು ಅಕ್ಷರ ಬಿದ್ದಿಲ್ಲ. ಇಂಥ ಶಿಸ್ತು ನಾನು ಕಂಡಿಲ್ಲ. ಫಿಸಿಕ್ಸ್ ಮೇಡಂ ಕೂಡ, ಈ ಸಲ ಪ್ರಯೋಗಗಳು ಬೇಗ ಮುಗಿಯುತ್ತಿವೆ, ಗಂಟೆ ಹೊಡೆಯುವ ಮೊದಲೇ ರೆಕಾರ್ಡ್ ಕೈಗೆ ಬರುತ್ತದೆ ಎಂದರು.

ಊಟದ ಹೊತ್ತಿನಲ್ಲಿ ಇಲಿಯನ್ನು ಕೇಳಿದೆ, ಲ್ಯಾಬ್ ಹೇಗೆ ನಡೀತಿದೆ ಅಂತ.

"ಚೆನ್ನಾಗಿದೆ. ನಾನು ರೀಡಿಂಗ್ ಬರೀತೀನಿ."

"ಜೋಡಿಸೋರು ಯಾರು?"

"ಕ್ಯಾಪ್ಟನ್ ಜೋಡಿಸ್ತಾನೆ, ಬೇಗ ಆಗುತ್ತೆ. ನನ್ನ ಅಕ್ಷರ ನೋಡಿ ಎಲ್ರೂ ನೀನೇ ಬರಿ ಅಂತಾರೆ."

ಕ್ಯಾಪ್ಟನ್ ಅಂದರೆ ಅವರ ಫುಟ್‌ಬಾಲ್ ತಂಡದ ನಾಯಕ, ಇಲಿಯ ಮೇಜಿನಲ್ಲಿರುವ ದಪ್ಪ ಭುಜದ ಹುಡುಗ. ನಮ್ಮ ಮನೆಯವರ ಅಕ್ಷರವೇ ಹಾಗೆ. ನನ್ನ ಅಪ್ಪನದೂ ಚೆನ್ನಾಗಿತ್ತು.

ಜುಲೈ 27, ಭಾನುವಾರ

ಇಸ್ತ್ರಿ ಪೆಟ್ಟಿಗೆ ಕೆಟ್ಟಿತು. ಅವಸರದಲ್ಲಿ ವೈರ್ ಹಿಡಿದು ಎಳೆದೆ, ಕತ್ತಿನ ಹತ್ತಿರ ಚಟ್ ಅಂದಿತು. ಬರುವ ಭಾನುವಾರ ಬಂದು ನೋಡುತ್ತಾನಾ ಎಂದು ನಾಳೆ ಗೊಂಚಲಣ್ಣನನ್ನು ಕೇಳಬೇಕು.

ಆಗಸ್ಟ್ 6, ಬುಧವಾರ

ಇಲಿಯ ಮೇಜಿನ ಮೇಲೆ ಒಂದು ಕಣ್ಣಿಡಬೇಕು. ಕ್ಯಾಪ್ಟನ್ ಜೊತೆಗಿರುವ ಇನ್ನೊಬ್ಬ ಹುಡುಗ ಕಡ್ಡಿಯಂತೆ ಉದ್ದಕ್ಕಿದ್ದಾನೆ, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲ್. ಹೆಸರೂ ಪೆನ್ಸಿಲ್. ಕ್ಯಾಪ್ಟನ್ ಅವನಿಗೆ "ಏಯ್, ಸ್ಟ್ಯಾಂಡ್ ಗಟ್ಟಿ ಹಿಡ್ಕೋ, ಬಿಗಿ ಮಾಡು" ಎನ್ನುತ್ತಾನೆ. ಅವನು ಬಿಗಿ ಮಾಡುತ್ತಾ ಇಲಿಯ ರೆಕಾರ್ಡನ್ನೇ ನೋಡುತ್ತಾನೆ. ಇಲಿ ಚಿತ್ರ ಬರೆಯುತ್ತಾ ಅವನ ಕೈಯಲ್ಲಿರುವ ಸ್ಪ್ಯಾನರನ್ನೇ ನೋಡುತ್ತಾಳೆ. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ನೋಡುವ ಮಕ್ಕಳ ಹಾಗೆ.

ಅವಳಿಗೆ ಹದಿನೈದು. ವಯಸ್ಸು ಅಂದರೆ ಹಾಗೆಯೇ. ತಂಗಿಗೆ ಈಗಲೇ ಹೇಳುವುದು ಬೇಡ.

ಆಗಸ್ಟ್ 17, ಭಾನುವಾರ

ಗೊಂಚಲಣ್ಣ ಈ ಭಾನುವಾರವೂ ಬರಲಿಲ್ಲ. ಮಗನಿಗೆ ಜ್ವರವಂತೆ. ಇಲಿ ಯೂನಿಫಾರಮ್ಮನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಅದರ ಮೇಲೆ ಮಲಗುತ್ತಾಳೆ. ಜಾಣೆ. ನಾನು ಸುಕ್ಕು ಬಟ್ಟೆಯಲ್ಲೇ ಹೋಗುತ್ತಿದ್ದೇನೆ. ಕೇಳಿದವರಿಗೆ ಇದೇ ಈಗಿನ ಫ್ಯಾಷನ್ ಎಂದಿದ್ದೇನೆ.

ಆಗಸ್ಟ್ 29, ಶುಕ್ರವಾರ

ಮುಂದಿನ ವರ್ಷಕ್ಕೆ ಯಾವ ವಿಭಾಗ ಎನ್ನುವ ಅರ್ಜಿ ಬಂದಿದೆ. ಸೆಪ್ಟೆಂಬರ್ 19ಕ್ಕೆ ಕೊನೆ. ಒಮ್ಮೆ ಕೊಟ್ಟರೆ ಬದಲಾಯಿಸುವಂತಿಲ್ಲ. ಇವತ್ತು ತರಗತಿಯಲ್ಲಿ ಫಿಸಿಕ್ಸ್ ಮೇಡಂ, ಫಿಸಿಕ್ಸ್ ಯಾರ್ಯಾರಿಗೆ ಬೇಕೆಂದು ಸುಮ್ಮನೆ ಕೈ ಎತ್ತಿಸಿದರು. ಹುಡುಗರಲ್ಲಿ ಪೆನ್ಸಿಲ್ ಒಬ್ಬನನ್ನು ಬಿಟ್ಟು ಎಲ್ಲರೂ ಎತ್ತಿದರು. ಆಮೇಲೆ ಕ್ಯಾಪ್ಟನ್ ಮೊಣಕೈಯಿಂದ ತಿವಿದ, ಪೆನ್ಸಿಲ್ಲೂ ಎತ್ತಿದ. ನಮ್ಮವರಲ್ಲಿ ಆರು ಕೈ.

ಆರು! ಮೇಡಂ ಮುಖ ಸಣ್ಣದಾಯಿತು. ಈ ವರ್ಷದ ಬ್ಯಾಚೇ ಮಂಕು ಎಂದು ಸಮಾಧಾನ ಹೇಳಿದೆ. ಇಲಿ ಕುಳಿತದ್ದು ಕಂಬದ ಹಿಂದೆ. ಅವಳ ಕೈ ನನಗೆ ಕಾಣಲಿಲ್ಲ. ಎತ್ತಿರುತ್ತಾಳೆ, ಕೇಳುವುದೇನು.

ಸೆಪ್ಟೆಂಬರ್ 8, ಸೋಮವಾರ

ಸಹಿಗೆಂದು ಇಲಿ ಅರ್ಜಿ ತಂದಿಟ್ಟಳು. ತಂಗಿ ಊರಲ್ಲಿಲ್ಲದ್ದರಿಂದ ಪೋಷಕರ ಸಹಿ ನನ್ನದೇ. ಪೆನ್ನಿನ ಮುಚ್ಚಳ ತೆಗೆದು ನೋಡುತ್ತೇನೆ, ವಾಣಿಜ್ಯದ ಎದುರಿಗೆ ಗುರುತು ಹಾಕಿದ್ದಾಳೆ.

"ಇದೇನೇ? ತಪ್ಪು ಜಾಗಕ್ಕೆ ಹಾಕಿದೀಯ."

"ತಪ್ಪಲ್ಲ. ನಂಗೆ ಫಿಸಿಕ್ಸ್ ಬರಲ್ಲ ದೊಡ್ಡಮ್ಮ."

"ಐವತ್ತಕ್ಕೆ ನಲವತ್ತೇಳು ತಗೊಂಡೋಳಿಗೆ ಬರಲ್ವಾ?"

"ಮಾರ್ಕ್ಸ್ ಬರುತ್ತೆ. ಫಿಸಿಕ್ಸ್ ಬರಲ್ಲ." ಎಷ್ಟು ತಣ್ಣಗೆ ಹೇಳಿದಳೆಂದರೆ, ಹಾಲು ಮುಗಿದಿದೆ ಎಂದು ಹೇಳಿದ ಹಾಗೆ. "ಕ್ಯಾಪ್ಟನ್ ನೋಡಿದ್ ತಕ್ಷಣ ಜೋಡಿಸ್ತಾನೆ. ನಾನು ಇನ್ನೂ ಯೋಚನೆ ಮಾಡ್ತಿರ್ತೀನಿ, ಅಷ್ಟರಲ್ಲಿ 'ಕೊಡು ಇಲ್ಲಿ, ನಾನ್ ಮಾಡ್ತೀನಿ' ಅಂತಾನೆ. ಕೆಟ್ಟವನಲ್ಲ. ಬೈಯೋದೂ ಇಲ್ಲ. ಅಷ್ಟು ಬೇಗ ನಂಗೆ ಬರಲ್ಲ, ಅಷ್ಟೆ. ಬರೆಯೋದು ಬರುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಏಳನೇ ವಯಸ್ಸಿನಲ್ಲಿ ನನ್ನ ರೇಡಿಯೋವನ್ನು ಇಪ್ಪತ್ತು ತುಂಡು ಮಾಡಿ ಹತ್ತೊಂಬತ್ತನ್ನು ಮತ್ತೆ ಜೋಡಿಸಿದವಳು ಇವಳು. "ನೀನು ಕಡೇ ಸಲ ಒಂದು ತಂತಿ ಮುಟ್ಟಿದ್ದು ಯಾವಾಗ? ಹೇಳು" ಎಂದೆ.

"ನೀನು ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ಯಾವಾಗ?"

ಮಾತಿಗೆ ಮಾತು ಕೊಡುವುದು ಚೆನ್ನಾಗಿ ಕಲಿತಿದ್ದಾಳೆ. ನನ್ನ ವಿಷಯ ಬೇರೆ. ನನಗೆ ಮಂಡಿನೋವು.

ಸಹಿ ಹಾಕಲಿಲ್ಲ. ಅರ್ಜಿಯನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ಸೆಪ್ಟೆಂಬರ್ 9, ಮಂಗಳವಾರ

ಇಲಿಗೆ ತೋರಿಸಿ ಬುದ್ಧಿ ಹೇಳೋಣವೆಂದು ಬೆಳಿಗ್ಗೆ ಮೊಳೆಯಿಂದ ಫ್ಯೂಸ್ ಪುಸ್ತಕ ತೆಗೆದೆ. ಕೊನೆಯ ಬರಹ ಜೂನ್ 6. ಸುಟ್ಟವರು ಇಲಿ, ಸರಿಮಾಡಿದವರು ಇಲಿ. ಆಮೇಲೆ ಖಾಲಿ. ಮೂರು ತಿಂಗಳು ಖಾಲಿ. ಪುಸ್ತಕದ ಮೇಲೆ ಕೈಯಾಡಿಸಿದರೆ ಬೆರಳಿಗೆ ದೂಳು ಬಂತು.

ಆಮೇಲೆ ಯಾಕೋ ಡಬ್ಬಿಯ ನೆನಪಾಯಿತು. ಅದು ನಮ್ಮ ಲ್ಯಾಬಿನಲ್ಲೇ ಗೊಂಚಲಣ್ಣನಿಗೆ ಬಿಟ್ಟುಕೊಟ್ಟ ಕಪಾಟಿನಲ್ಲಿತ್ತು. ತೆರೆದರೆ ಉರುಳೆಯಲ್ಲಿ ಗೇಣುದ್ದದ ತಂತಿಯೂ ಇಲ್ಲ. ಒಂದು ವರ್ಷದ ತಂತಿ.

ರಸ್ತೆಯಾಚೆಯಿಂದ ಅವನನ್ನು ಕರೆಸಿ ಕೇಳಿದೆ. ಅವನು ಮುಚ್ಚಿಡುವ ಮನುಷ್ಯನಲ್ಲ.

"ಸುಡ್ತಾನೇ ಇದ್ವಲ್ಲ ಅಕ್ಕಾ, ವಾರಕ್ಕೆ ಮೂರೋ ನಾಲ್ಕೋ. ಯಾರಾದ್ರೂ 'ಅಣ್ಣಾ' ಅಂತ ಕೂಗ್ತಿದ್ರು, ಹೋಗಿ ಹಾಕಿಬಿಡ್ತಿದ್ದೆ. ಮೊದ್ಲು ನನ್ ತಂತಿ, ಆಮೇಲೆ ನಿಮ್ ಡಬ್ಬಿದು. ಒಂದು ನಿಮಿಷದ ಕೆಲ್ಸ."

"ಪುಸ್ತಕದಲ್ಲಿ ಬರೆಸ್ಬೇಕಿತ್ತಲ್ಲ ಅಣ್ಣ."

"ಅಯ್ಯೋ, ಮಕ್ಕಳಿಗೆ ಯಾಕೆ ಕರೆಂಟಿನ ಸಹವಾಸ? ನಿಮಗಂತೂ ಯಾಕೆ ತೊಂದ್ರೆ ಕೊಡ್ಲಿ, ಬರೀತಾ ಕೂತಿರ್ತೀರಿ."

ಅವನಿಗೆ ಬೈಯುವ ಮೊದಲು ತಿರುಗಿ ನನ್ನ ಮೇಜನ್ನು ನೋಡಿದೆ. ಒಂದೇ ಕೋಣೆ. ನನ್ನ ಮೂಲೆಯ ಮೇಜಿನಿಂದ ಸ್ವಿಚ್‌ಬೋರ್ಡಿಗೆ ಹನ್ನೆರಡು ಹೆಜ್ಜೆ. ಫ್ಯೂಸ್ ಸುಟ್ಟ ವಾಸನೆ ನನಗೆ ಅಡುಗೆಮನೆಯ ಒಗ್ಗರಣೆಗಿಂತ ಚೆನ್ನಾಗಿ ಗೊತ್ತು. ಮೂರು ತಿಂಗಳು ಆ ವಾಸನೆ ನನ್ನ ಮೂಗಿಗೆ ಬಡಿಯಲಿಲ್ಲವೇ?

ಲೇಬಲ್‌ಗಳು ಬಹಳ ಚೆನ್ನಾಗಿ ಬಂದಿವೆ.

ಸೆಪ್ಟೆಂಬರ್ 10, ಬುಧವಾರ

ಪುಸ್ತಕವನ್ನು ಎತ್ತಿಕೊಂಡು ದೊಡ್ಡ ಮೇಡಂ ಕೋಣೆಗೆ ಹೋದೆ. ಬೀಗದಕೈ ಕೊಡುವುದಕ್ಕಲ್ಲದೆ ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಇದೇ ಮೊದಲು. ಅರ್ಜಿಯ ಕೊನೆಯ ದಿನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಹುಡುಗರು ಹೋದ ಮೇಲೆ ನಮ್ಮವರು ಸ್ವಲ್ಪ ತಂತಿ ಮುಟ್ಟಿ ಆಮೇಲೆ ಆರಿಸಿಕೊಳ್ಳಲಿ ಎಂದೆ. ಖಾಲಿ ಹಾಳೆಗಳನ್ನು ತೋರಿಸಿದೆ. ಹೋದ ವರ್ಷದ ಹತ್ತೊಂಬತ್ತು ಹೆಸರುಗಳನ್ನೂ ತೋರಿಸಿದೆ.

ಅವರು ಕನ್ನಡಕ ತೆಗೆದು ಎಲ್ಲವನ್ನೂ ನೋಡಿದರು. "ಹುಡುಗ್ರು ಹೋದ ಮೇಲೆ ಧೈರ್ಯ ಬರುತ್ತೆ ಅಂತೀರಾ. ಆಮೇಲೆ? ಕಾಲೇಜಲ್ಲಿ, ಕೆಲಸದಲ್ಲಿ ಇವರ ಪಕ್ಕ ಯಾರೂ ಬರೋದೇ ಇಲ್ವಾ? ಎಲ್ಲಿ ತನಕ ಗೋಡೆ ಕಟ್ತಾ ಹೋಗೋಣ?"

ಅವರು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು.

"ತಾರೀಕು ನಂದಲ್ಲ, ಮೇಲಿಂದ ಬಂದಿದ್ದು. ಆದ್ರೆ ಲ್ಯಾಬ್ ನಿಮ್ದು, ಕಾನೂನೂ ನಿಮ್ದೇ. ಅದನ್ನ ತೆಗೆದುಹಾಕಿ ಅಂತ ನಾನು ಹೇಳಿದ್ನಾ? ಆ ಹುಡುಗ್ರು ಹೇಳಿದ್ರಾ?"

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಅವಮಾನವಾಯಿತು. ಅಳುವೂ ಬಂತು. ಬರೆದರೆ ಯಾರೂ ಓದುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಲ್ಯಾಬಿನಲ್ಲಿ ಲೇಬಲ್ ಬರೆಯಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ನೋಡಿದೆ. ಹನ್ನೊಂದು ಮೇಜು, ಹನ್ನೊಂದು ರೆಕಾರ್ಡ್. ಹನ್ನೊಂದನ್ನೂ ಬರೆಯುತ್ತಿದ್ದವರು ಹುಡುಗಿಯರು.

ಸೆಪ್ಟೆಂಬರ್ 12, ಶುಕ್ರವಾರ

ಡಬ್ಬಿ ವಾಪಸ್ ತಂದೆ, ಹೊಸ ಉರುಳೆ ಹಾಕಿದೆ. ಫಿಸಿಕ್ಸ್ ಮೇಡಂ ಒಪ್ಪಿದರು. ಪಾಠಕ್ಕೆ ಮೊದಲು ಸ್ವಿಚ್‌ಬೋರ್ಡಿನ ಎದುರು ನಿಂತು ಹೇಳಿದೆ: "ಇವತ್ತಿಂದ ಕೆಡಿಸಿದೋರೇ ಸರಿಮಾಡ್ಬೇಕು. ಹುಡುಗಿ ಆಗ್ಲಿ ಹುಡುಗ ಆಗ್ಲಿ. ಬರೆಯೋದು ಒಬ್ಬರದೇ ಕೆಲಸ ಅಲ್ಲ, ಜೋಡಿಸೋದೂ ಒಬ್ಬರದೇ ಕೆಲಸ ಅಲ್ಲ, ಪ್ರತಿ ಪ್ರಯೋಗಕ್ಕೂ ಬದಲಾಯಿಸ್ಬೇಕು. ಅಣ್ಣನ್ನ ಯಾರೂ ಕೂಗೋ ಹಾಗಿಲ್ಲ. ಅಣ್ಣ ನನ್ ಪಕ್ಕ ಕೈಕಟ್ಟಿ ನಿಂತ್ಕೋತಾರೆ."

ಗೊಂಚಲಣ್ಣನಿಗೆ ಬೇಸರವಾಯಿತು. ಆದರೂ ನಿಂತ.

ಮೊದಲ ಫ್ಯೂಸ್ ಸುಟ್ಟದ್ದು ಕ್ಯಾಪ್ಟನ್. ಎದ್ದು ಬೋರ್ಡಿನ ಹತ್ತಿರ ಬಂದವನು ಸುಮ್ಮನೆ ನಿಂತ. ತಂತಿಯನ್ನು ಯಾವ ಕಡೆಯಿಂದ ಸುತ್ತಬೇಕೆಂಬುದೇ ಅವನಿಗೆ ಗೊತ್ತಿಲ್ಲ! ಇಷ್ಟು ದಿನ ಇವನ ಫ್ಯೂಸುಗಳನ್ನೆಲ್ಲ ಗೊಂಚಲಣ್ಣನೇ ಹಾಕಿದ್ದಾನೆ. ಕಿವಿ ಕೆಂಪಾಗಿ, ಬೆವರಿ, ಎರಡು ಸಲ ತಂತಿ ತುಂಡು ಮಾಡಿ, ಮೂರನೇ ಸಲ ಕೂರಿಸಿದ. ಇಡೀ ತರಗತಿ ನೋಡುತ್ತಿತ್ತು. ಇಲಿಯೂ ನೋಡುತ್ತಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು.

ಮುಂದಿನ ಪ್ರಯೋಗಕ್ಕೆ ಪೆನ್ಸಿಲ್ ಅವಳ ಮುಂದಿನಿಂದ ರೆಕಾರ್ಡ್ ಮೆಲ್ಲಗೆ ಎಳೆದುಕೊಂಡ. "ಚಿತ್ರ ನಾನ್ ಬರೀಲಾ? ಪ್ಲೀಸ್. ಮೂರ್ ತಿಂಗಳಿಂದ ಕಾಯ್ತಿದೀನಿ" ಅಂದ. ಆ ಹುಡುಗ ನೋಡುತ್ತಿದ್ದದ್ದು ಇಲಿಯನ್ನಲ್ಲ, ಅವಳ ಮುಂದಿದ್ದ ಚಿತ್ರದ ಹಾಳೆಯನ್ನು. ನಾನು ಏನೇನೋ ಅಂದುಕೊಂಡಿದ್ದೆ. ತಂಗಿಗೆ ಹೇಳದೇ ಇದ್ದದ್ದು ಒಳ್ಳೆಯದಾಯಿತು.

ಇಲಿ ತಂತಿಗಳನ್ನು ಎದುರಿಗೆ ಎಳೆದುಕೊಂಡಳು, ಆದರೆ ಗಂಟೆ ಹೊಡೆಯುವವರೆಗೂ ಜೋಡಿಸಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಇಲಿ ಜೋಡಿಸಿದಳು. ತಪ್ಪಾಗಿ ಜೋಡಿಸಿದಳು. ಫಟ್ ಎಂದು ಸದ್ದು, ವಾಸನೆ, ಮೇಜಿನ ದೀಪ ಹೋಯಿತು.

ಕ್ಯಾಪ್ಟನ್ ಅರ್ಧ ಎದ್ದವನು ನನ್ನನ್ನು ನೋಡಿ ಕುಳಿತ. ಗೊಂಚಲಣ್ಣನ ಬೀಗದಕೈಗಳು ಒಮ್ಮೆ ಝಲ್ ಎಂದು ಸುಮ್ಮನಾದವು. ಇಲಿ ಮೇನ್ ಆಫ್ ಮಾಡಿ ಫ್ಯೂಸ್ ಕೈಗೆ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು.

"ಬರಲ್ಲ ದೊಡ್ಡಮ್ಮ" ಅಂದಳು. ಶಾಲೆಯೊಳಗೆ ಅವಳು ಹಾಗೆ ಕರೆದದ್ದು ಇದೇ ಮೊದಲು.

ನನ್ನ ಕೈ ಮುಂದೆ ಹೋಗಿತ್ತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. "ಬರೋ ತನಕ ನಿಂತ್ಕೋ. ನಾನೂ ನಿಂತಿರ್ತೀನಿ, ನಂಗೇನೂ ಅವಸರ ಇಲ್ಲ" ಎಂದೆ.

ಹನ್ನೊಂದು ನಿಮಿಷ. ಫಿಸಿಕ್ಸ್ ಮೇಡಂ ಎರಡು ಸಲ ಗಡಿಯಾರ ನೋಡಿದರು. ಹಿಂದಿನ ಮೇಜಿನಲ್ಲಿ ಯಾರೋ ನಕ್ಕರು. ಹೋಗಿ ಕಿತ್ತುಕೊಂಡು ಹಾಕಿಬಿಡೋಣ ಎನಿಸಿತು. ಆಮೇಲೆ ಅವಳು ಮೂಗು ಒರೆಸಿಕೊಂಡು, ತಂತಿಯನ್ನು ಹಲ್ಲಲ್ಲಿ ಕಚ್ಚಿ ನೇರ ಮಾಡಿಕೊಂಡು, ಸುತ್ತಿದಳು. ಹಲ್ಲಲ್ಲಿ ಕಚ್ಚಬೇಡ ಎಂದು ಎಷ್ಟು ಸಲ ಹೇಳಿದ್ದೇನೆ ಅವಳಿಗೆ.

ಮೇಜಿನ ದೀಪ ಹತ್ತಿತು. ಪುಸ್ತಕದಲ್ಲಿ ಬರೆದಳು. ಬೆರಳಿಗೆ ಮಸಿ ಮೆತ್ತಿದ್ದರಿಂದ ಅಕ್ಷರ ಕೋಳಿ ಕೆರೆದ ಹಾಗಿದೆ.

ಸೆಪ್ಟೆಂಬರ್ 19, ಶುಕ್ರವಾರ

ಬೆಳಿಗ್ಗೆ ಇಲಿ ಹೊಸ ಅರ್ಜಿ ತಂದಳು. ಹಳೆಯದು ಸಕ್ಕರೆ ಡಬ್ಬಿಯ ಕೆಳಗೇ ಇದೆ, ಇರುವೆ ಹತ್ತಿದೆ. ಹೊಸದರಲ್ಲಿ ಯಾವ ಗುರುತೂ ಇರಲಿಲ್ಲ.

"ಮೊದಲು ಸಹಿ ಹಾಕು. ಗುರುತು ನಾನು ಆಮೇಲೆ ಹಾಕ್ತೀನಿ."

"ಯಾವುದಕ್ಕೆ?"

"ನೀನು ಕೈಕಟ್ಟಿ ನಿಂತ್ಕೋ ದೊಡ್ಡಮ್ಮ."

ಖಾಲಿ ಕಾಗದಕ್ಕೆ ಸಹಿ ಹಾಕುವವಳು ನಾನಲ್ಲ. ಹಾಕಿದೆ. ಇಡೀ ದಿನ ಲ್ಯಾಬಿನಲ್ಲಿ ಕುಳಿತಲ್ಲಿ ಕೂರಲಿಲ್ಲ, ಎರಡು ಸಲ ಬೀರುವಿಗೆ ಬೀಗ ಹಾಕಿ ಎರಡು ಸಲ ತೆಗೆದೆ.

ನಾಲ್ಕು ಗಂಟೆಗೆ ಫಿಸಿಕ್ಸ್ ಮೇಡಂ ಪಟ್ಟಿ ತಂದರು. ನಮ್ಮವರು ಹನ್ನೊಂದು. ಹತ್ತೊಂಬತ್ತಲ್ಲ. ಮೂರು ತಿಂಗಳು ಕಳೆದುಕೊಂಡದ್ದು ಒಂದು ವಾರದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಕಡಿಮೆಯಾದ ಆ ಎಂಟು ಜನರಲ್ಲಿ ವಾಣಿಜ್ಯ ನಿಜವಾಗಿ ಇಷ್ಟವಾಗಿ ಹೋದವರು ಎಷ್ಟು, ಅಕ್ಷರ ಚೆನ್ನಾಗಿದೆಯೆಂದು ಹೋದವರು ಎಷ್ಟು, ಯಾರಿಗೆ ಗೊತ್ತು. ಅದು ನನ್ನ ಎದೆಯಲ್ಲಿ ಇದ್ದೇ ಇರುತ್ತದೆ.

ಹನ್ನೊಂದನೆಯದು ಇಲಿ.

ಪೆನ್ಸಿಲ್ ಚಿತ್ರಕಲೆಗೆ ಹಾಕಿದ್ದಾನೆ. ಅವರ ಶಾಲೆಯಲ್ಲಿ ಆ ವಿಭಾಗವೇ ಇಲ್ಲ, ಇಷ್ಟು ವರ್ಷ ಅಲ್ಲಿ ಯಾರೂ ಕೇಳಿರಲಿಲ್ಲವಂತೆ. ನಮ್ಮಲ್ಲಿದೆ. ರಸ್ತೆ ದಾಟಿ ಬರಬಹುದೇ ಎಂದು ದೊಡ್ಡ ಮೇಡಂ ಹತ್ತಿರ ಕೇಳಲು ಹೋಗಿದ್ದ. "ಬರೆದು ಕೊಡು" ಅಂದರಂತೆ.

ಸೆಪ್ಟೆಂಬರ್ 21, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಬೀಗದಕೈಗಳ ಸದ್ದು, ಹಿಂದೆಯೇ ಗೊಂಚಲಣ್ಣ. ಏಳು ವಾರ ತಡವಾಗಿ ಬಂದಿದ್ದಕ್ಕೆ ನಾಚಿಕೊಂಡು, "ಎಲ್ಲಿ ಅಕ್ಕಾ, ಇಸ್ತ್ರಿ ಪೆಟ್ಟಿಗೆ ಕೊಡಿ" ಅಂದ. ಮಗನಿಗೆ ಈಗ ಹುಷಾರಾಗಿದೆಯಂತೆ. ಸೋಫಾದ ಮೇಲೆ ಕೂರಿಸಿ ಟೀ ಕೊಟ್ಟೆ.

ಇಸ್ತ್ರಿ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು ನಾನು ಬಿಚ್ಚತೊಡಗಿದೆ. ಮೊದಲ ಸ್ಕ್ರೂ ಎರಡು ಸಲ ಜಾರಿ ಕೆಳಗೆ ಬಿತ್ತು. ಬೆರಳುಗಳು ಬೇರೆ ಯಾರದ್ದೋ ಅನ್ನಿಸಿತು. ಹತ್ತು ವಾರದಲ್ಲಿ ಇಷ್ಟೊಂದು ಮರೆಯುತ್ತವೆಯೇ? ವಯಸ್ಸಾಯಿತೇನೋ.

"ಬಿಡಿ ಅಕ್ಕಾ, ನಾನಿದ್ದೀನಲ್ಲ" ಎಂದು ಗೊಂಚಲಣ್ಣ ಲೋಟ ಕೆಳಗಿಟ್ಟ.

"ಕೊಡು ದೊಡ್ಡಮ್ಮ, ನಾನ್ ಮಾಡ್ತೀನಿ" ಎಂದು ಇಲಿ ಸ್ಕ್ರೂಡ್ರೈವರಿಗೆ ಕೈ ಹಾಕಿದಳು.

"ಇಬ್ರೂ ಸುಮ್ನಿರಿ. ವೈರ್ ಹಿಡಿದು ಎಳೆದಿದ್ದು ನಾನು."

ತುಂಡಾದ ಜಾಗ ಕತ್ತರಿಸಿ, ತಂತಿ ಸುಲಿದು, ಸೇರಿಸಿ, ಮುಚ್ಚಳ ಹಾಕಿದೆ. ಗೋಡೆಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಫಟ್. ಫ್ಯಾನ್ ನಿಂತಿತು, ಫ್ರಿಜ್ಜೂ ಸುಮ್ಮನಾಯಿತು. ಒಂದು ಎಳೆ ಹೊರಗುಳಿದು ಇನ್ನೊಂದಕ್ಕೆ ತಾಗಿತ್ತು. ಇಲಿ ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೊಂಚಲಣ್ಣ ಎದ್ದೇಬಿಟ್ಟಿದ್ದ. ಆಮೇಲೆ ಏನು ನೆನಪಾಯಿತೋ, ಕುಳಿತು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ.

ಸ್ಟೂಲ್ ಎಳೆದುಕೊಂಡು ಮೀಟರ್ ಬೋರ್ಡಿನವರೆಗೆ ಹತ್ತಿ ಹೊಸ ಫ್ಯೂಸ್ ತಂತಿ ಹಾಕಿದೆ. ಯಾರೂ ಬೀಳ್ತೀರಿ ಅನ್ನಲಿಲ್ಲ. ಕಾಲೂ ನಡುಗಲಿಲ್ಲ. ಇಳಿದು ಎಳೆಯನ್ನು ಸರಿಮಾಡಿ ಮತ್ತೆ ಸ್ವಿಚ್ ಒತ್ತಿದೆ. ಪೆಟ್ಟಿಗೆ ಬಿಸಿಯಾಯಿತು. ಮೊದಲು ಇಲಿಯ ಯೂನಿಫಾರಂ, ಆಮೇಲೆ ನನ್ನದು. ಗೊಂಚಲಣ್ಣ ಎರಡನೇ ಟೀ ಕುಡಿದು ಹೋದ.

ಮನೆಯಲ್ಲಿ ಫ್ಯೂಸ್ ಪುಸ್ತಕ ಇಲ್ಲ. ಅದಕ್ಕೆ ಇಲ್ಲೇ ಬರೆಯುತ್ತೇನೆ.

ತಾರೀಕು: ಸೆಪ್ಟೆಂಬರ್ 21.
ಸುಟ್ಟವರು: ನಾನು.
ಸರಿಮಾಡಿದವರು: ನಾನು.